ಪೀಣ್ಯದಲ್ಲಿ ತಯಾರಾದ ಪಂಪು

ನನಗಿರುವ ಕಾಯಿಲೆಗಳಲ್ಲಿ ಉಬ್ಬಸವೇ ಚಿಕ್ಕದು. ಅದಕ್ಕೆ ಡಾಕ್ಟರಿದ್ದಾರೆ, ಔಷಧವಿದೆ, ಬೆಳಿಗ್ಗೆ ಒಂದು ಸಂಜೆ ಒಂದು ಎಂಬ ಕ್ರಮವಿದೆ. ದೊಡ್ಡ ಕಾಯಿಲೆ ಬೇರೆಯದು. ಅದು ನನ್ನೊಬ್ಬನದಲ್ಲ, ಪೀಣ್ಯದ ಕಾರ್ಖಾನೆಗಳಲ್ಲಿ ಲೇತ್ ಯಂತ್ರದ ಮುಂದೆ ನಿಂತು ತಲೆ ನೆರೆಸಿಕೊಂಡ ಬಹಳ ಜನಕ್ಕೆ ಇದೆ. ಯಾವುದೇ ವಸ್ತು ಕೈಗೆ ಬಂದರೂ ಅದನ್ನು ಬಳಸುವುದು ಹೇಗೆ ಎಂದು ನಮಗೆ ಹೊಳೆಯುವುದಿಲ್ಲ. ಇದನ್ನು ಹೇಗೆ ಮಾಡಿದ್ದಾರೆ, ಇಲ್ಲೇಕೆ ಇಷ್ಟು ತೆಳ್ಳಗೆ ಬಿಟ್ಟಿದ್ದಾರೆ, ನಾವೇ ಮಾಡಿದರೆ ಇದಕ್ಕಿಂತ ಗಟ್ಟಿಯಾಗಿ ಬರುತ್ತದಲ್ಲ ಎಂದೇ ಹೊಳೆಯುವುದು. ಒಮ್ಮೆ ನನ್ನ ನಾದಿನಿಯ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದಾಗ, ಎಲ್ಲರೂ ಪೂಜೆಗೆ ಕೂತ ಹೊತ್ತಿನಲ್ಲಿ ನಾನು ದೇವರಮನೆ ಬಾಗಿಲಿನ ಹೊಸ ಚಿಲಕವನ್ನು ಬಿಚ್ಚಿ ನೋಡುತ್ತಿದ್ದೆ. ಮತ್ತೆ ಜೋಡಿಸುವಾಗ ಅದು ಹೇಗೋ ಹೊರಗಿನಿಂದ ಬಿಗಿದುಕೊಂಡಿತು. ಒಳಗೆ ಪುರೋಹಿತರು, ನಾದಿನಿ, ಷಡ್ಡಕ, ಹೋಮದ ಹೊಗೆ. ಅರ್ಧ ಗಂಟೆಯ ಮೇಲೆ ಬಾಗಿಲು ತೆರೆದಾಗ ಪುರೋಹಿತರು ಕಣ್ಣೊರೆಸಿಕೊಳ್ಳುತ್ತಾ, "ಯಾರ್ರೀ ಆ ಪುಣ್ಯಾತ್ಮ?" ಎಂದು ಕೇಳಿದರು. ನನ್ನ ಹೆಂಡತಿ ಸರೋಜಳಿಗೆ ನನ್ನನ್ನು ಆ ಮನೆಗೆ ಮತ್ತೆ ಕರೆದುಕೊಂಡು ಹೋಗಲು ಎರಡು ವರ್ಷ ಬೇಕಾಯಿತು.

ನಾನು ಪುಟ್ಟಸ್ವಾಮಿ. ಪೀಣ್ಯ ಎರಡನೇ ಹಂತದ ಒಂದು ಎರಕದ ಕಾರ್ಖಾನೆಯಲ್ಲಿ, ಅಚ್ಚು ಹತ್ಯಾರು ಮಾಡುವ ಟೂಲ್‌ರೂಮಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನು. ನಾಗಸಂದ್ರದಲ್ಲಿ ಮನೆ. ನಮ್ಮ ಏರಿಯಾದಲ್ಲಿ ಯಾರಾದರೂ ಒಂದು ಸಾಮಾನು ಬೇಕೆಂದು ಬಂದರೆ ನಾವು ಮೊದಲು ಕೇಳುವುದು, "ಸ್ಯಾಂಪಲ್ ತಂದಿದೀರಾ?" ಎಂದು. ಸ್ಯಾಂಪಲ್ ಒಂದಿದ್ದರೆ ನಕ್ಷೆ ಬೇಡ, ಪುಸ್ತಕ ಬೇಡ. ವರ್ನಿಯರ್ ಹಿಡಿದು ಅಳೆದು, ಸಿಗರೇಟು ಪ್ಯಾಕಿನ ಹಿಂದೆ ಗೀಚಿಕೊಂಡು, ಸಂಜೆಯೊಳಗೆ ಅದರ ಅವಳಿಜವಳಿಯನ್ನು ಮಾಡಿ ಕೊಡುತ್ತೇವೆ. ಜರ್ಮನಿಯ ಯಂತ್ರಕ್ಕೆ ಬೇಕಾದ ಬಿಡಿಭಾಗ ಜರ್ಮನಿಯಿಂದ ಬರಲು ಮೂರು ತಿಂಗಳಾಗುವಾಗ ನಮ್ಮಲ್ಲಿ ಮೂರು ದಿನ. ಈ ವಿದ್ಯೆಯಿಂದ ಎಷ್ಟೋ ಕಾರ್ಖಾನೆಗಳು ಬದುಕಿವೆ, ಎಷ್ಟೋ ಸಂಸಾರಗಳು ಊಟ ಮಾಡಿವೆ. ಅದನ್ನು ನಾನು ಈಗಲೂ ಹೀಗಳೆಯುವುದಿಲ್ಲ.

ಉಬ್ಬಸ ಬಂದದ್ದು ಐವತ್ತು ದಾಟಿದ ಮೇಲೆ. ಪಕ್ಕದ ಗ್ರೈಂಡಿಂಗ್ ವಿಭಾಗದ ದೂಳು, ಪ್ರಾಯದಲ್ಲಿ ಸೇದಿದ ಬೀಡಿ, ತುಮಕೂರು ರಸ್ತೆಯ ಲಾರಿಗಳ ಹೊಗೆ, ಎಲ್ಲ ಸೇರಿ ನನ್ನ ಎದೆಯಲ್ಲಿ ಒಂದು ಸಣ್ಣ ಶಿಳ್ಳೆಯನ್ನು ಕೂರಿಸಿದ್ದವು. ತುಮಕೂರು ರಸ್ತೆಯ ಆಸ್ಪತ್ರೆಯೊಂದರಲ್ಲಿ ನೋಡಿದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಆದರೆ ಮಾತು ಖಡಕ್ಕು. ನನ್ನ ಕೈಗೆ ಎರಡು ಕೊಟ್ಟರು. ಒಂದು ನೀಲಿ ಪಂಪು. "ಇದು ಇದ್ದಕ್ಕಿದ್ದ ಹಾಗೆ ಉಸಿರು ಹತ್ತಿದಾಗ. ತಕ್ಷಣ ಕೆಲಸ ಮಾಡತ್ತೆ, ಬೇಗ ಇಳಿದೂ ಹೋಗತ್ತೆ." ಇನ್ನೊಂದು ಪ್ಲಾಸ್ಟಿಕ್ಕಿನ ಪುಟ್ಟ ಉಪಕರಣ, ಜೊತೆಗೆ ಪುಡಿ ತುಂಬಿದ ಕ್ಯಾಪ್ಸೂಲುಗಳ ಡಬ್ಬಿ. "ಇದು ನುಂಗೋದಲ್ಲ. ಇದರೊಳಗೆ ಹಾಕಿ, ಒತ್ತಿ, ತೂತು ಮಾಡಿ, ಜೋರಾಗಿ ಎಳ್ಕೋಬೇಕು. ಇದರಲ್ಲಿ ಎರಡು ಔಷಧ ಇದೆ. ಒಂದು ಹನ್ನೆರಡು ಗಂಟೆ ಶ್ವಾಸನಾಳ ತೆರೆದಿಡತ್ತೆ, ಇನ್ನೊಂದು ಒಳಗಿನ ಊತ ಇಳಿಸತ್ತೆ. ಉಸಿರು ಕಟ್ಟಿದಾಗ ತಗೊಳ್ಳೋದಲ್ಲ, ಕಟ್ಟದೇ ಇರಲಿ ಅಂತ ತಗೊಳ್ಳೋದು. ಆರಾಮಾಗಿದ್ರೂ ಬಿಡಬಾರದು. ಆಮೇಲೆ ಬಾಯಿ ಮುಕ್ಕಳಿಸಿ." ಹನ್ನೆರಡು ಗಂಟೆ ಎಂದ ಕೂಡಲೇ ನನಗೆ ಅರ್ಥವಾಯಿತು. ಒಂದು ಶಿಫ್ಟು, ಮೇಲೆ ನಾಲ್ಕು ಗಂಟೆ ಓಟಿ.

ಅರ್ಥವಾದದ್ದು ಒಂದು, ಧೈರ್ಯವಾಗಿ ಹಿಡಿಯುವುದು ಇನ್ನೊಂದು. ನಮ್ಮ ಕಡೆ ಪಂಪು ಹಿಡಿದನೆಂದರೆ ಆಸಾಮಿ ಮುಗಿದ ಹಾಗೆ ಎಂದು ಜನ ತೀರ್ಮಾನಿಸಿಬಿಡುತ್ತಾರೆ. ಹಿಡಿ ಹಿಡಿ ಮಾತ್ರೆ ನುಂಗಿದರೆ ಯಾರೂ ಏನೂ ಅನ್ನುವುದಿಲ್ಲ, ಬಾಯಿಗೆ ಕೊಳವೆ ಇಟ್ಟರೆ ಮಾತ್ರ ಅಯ್ಯೋ ಪಾಪ ಎನ್ನುತ್ತಾರೆ. ನನ್ನ ಭಾವಮೈದ ಮನೆಗೆ ಬಂದವನು, "ಭಾವ, ಅದು ಅಭ್ಯಾಸ ಆಗೋಗತ್ತೆ ಕಣ್ರೀ, ಆಮೇಲೆ ಬಿಡಕ್ಕಾಗಲ್ಲ" ಎಂದು ಗಂಭೀರವಾಗಿ ಎಚ್ಚರಿಸಿದ. ಹಾಗೆನ್ನುವಾಗ ಅವನ ಬಾಯಲ್ಲಿ ಗುಟ್ಕಾ ಇತ್ತು. ನಾನಂತೂ ಕಾರ್ಖಾನೆಯಲ್ಲಿ ಏರ್ ಕಂಪ್ರೆಸರಿನ ಹಿಂದೆ ಹೋಗಿ, ಅದು ಧಡಧಡ ಎನ್ನುವ ಹೊತ್ತು ನೋಡಿ, ಕಳ್ಳನ ಹಾಗೆ ಎಳೆದುಕೊಂಡು ಬರುತ್ತಿದ್ದೆ. ಆದರೂ ಎಳೆದುಕೊಳ್ಳುತ್ತಿದ್ದೆ. ಎರಡೇ ತಿಂಗಳಲ್ಲಿ ಎದೆಯ ಶಿಳ್ಳೆ ನಿಂತಿತು.

ಒಂದು ದಿನ ಕಂಪ್ರೆಸರಿನ ಹಿಂದಿನಿಂದ ಅವಸರದಲ್ಲಿ ಬರುವಾಗ ಉಪಕರಣ ಕೈಜಾರಿ ಕೆಳಗೆ ಬಿತ್ತು. ಹಿಂದೆಯೇ ಬರುತ್ತಿದ್ದ ಕಬ್ಬಿಣದ ಟ್ರಾಲಿ ಅದರ ಮೇಲೆ ಹತ್ತಿ ಇಳಿಯಿತು. ಔಷಧದ ಅಂಗಡಿಯವನನ್ನು ಕೇಳಿದರೆ, "ನಾಡಿದ್ದು ಬರತ್ತೆ ಸಾರ್" ಎಂದ. ಸುಮ್ಮನೆ ಬೇರೆ ಅಂಗಡಿಗೆ ಹೋಗಬಹುದಿತ್ತು. ದಾಸರಹಳ್ಳಿಯಿಂದ ಜಾಲಹಳ್ಳಿ ಕ್ರಾಸಿನವರೆಗೆ ಔಷಧದ ಅಂಗಡಿಗಳಿಗೇನು ಬರವೇ? ಆದರೆ ನನ್ನ ಕೈಯಲ್ಲಿ ಒಡೆದ ಚೂರುಗಳಿದ್ದವು, ಅಂದರೆ ಸ್ಯಾಂಪಲ್ ಇತ್ತು. ಶಿಫ್ಟು ಮುಗಿದ ಮೇಲೆ ಚೂರುಗಳನ್ನು ಜೋಡಿಸಿ ಅಳೆದೆ. ಕ್ಯಾಪ್ಸೂಲು ಕೂರುವ ಗೂಡು, ಅದನ್ನು ಚುಚ್ಚುವ ಎರಡು ಸೂಜಿ, ಗಾಳಿ ಒಳಬರಲು ಎರಡು ಕಿರಿದಾದ ಸೀಳು, ಬಾಯಿಗಿಡುವ ಕೊಳವೆ, ಅದರ ಬುಡದಲ್ಲೊಂದು ಜಾಲರಿ. ಇಷ್ಟೇನಾ ಅನ್ನಿಸಿತು. ಅಲ್ಯೂಮಿನಿಯಂ ತುಂಡನ್ನು ಲೇತಿಗೆ ಕಟ್ಟಿದೆ. ಆ ಎರಡು ಸೀಳುಗಳನ್ನು ನೋಡಿದಾಗ ಮಾತ್ರ, ಇದನ್ನು ಮಾಡಿದವನಿಗೆ ಕರುಣೆಯೇ ಇಲ್ಲ ಎನ್ನಿಸಿತು. ಮೊದಲೇ ಉಸಿರಾಡಲು ಕಷ್ಟಪಡುವವನು ಇಷ್ಟು ಸಣ್ಣ ಸಂದಿಯಲ್ಲಿ ಗಾಳಿ ಎಳೆಯಬೇಕೇ? ನಾನು ಅವನ್ನು ಎರಡರಷ್ಟು ಅಗಲ ಮಾಡಿದೆ. ಕ್ಯಾಪ್ಸೂಲು ಸಿಕ್ಕಿಕೊಳ್ಳಬಾರದೆಂದು ಗೂಡನ್ನೂ ಸಡಿಲ ಬಿಟ್ಟೆ. ಮೇಲೆ ಕೈಜಾರದಂತೆ ಗೀರು ಹಾಕಿ, ಕನ್ನಡಿಯ ಹಾಗೆ ಪಾಲಿಶ್ ಮಾಡಿದೆ. ಎಳೆದರೆ ಗಾಳಿ ಏನು ಸಲೀಸು! ಬೆಣ್ಣೆ.

ಮಾರನೆಯ ದಿನದಿಂದ ನಾನು ಕಂಪ್ರೆಸರಿನ ಹಿಂದೆ ಹೋಗುವುದನ್ನು ಬಿಟ್ಟೆ. ಟೀ ಹೊತ್ತಿನಲ್ಲಿ ಎಲ್ಲರ ನಡುವೆ ನಿಂತು, ಜೇಬಿನಿಂದ ಅದನ್ನು ತೆಗೆದು, ನಾಲ್ಕು ಜನ ನೋಡುವಂತೆ ತಿರುಗಿಸಿ, ಆಮೇಲೆ ಎಳೆಯುತ್ತಿದ್ದೆ. ರೋಗಿ ಎನ್ನಿಸಿಕೊಳ್ಳಲು ನಾಚುತ್ತಿದ್ದವನು ತಯಾರಕ ಎನ್ನಿಸಿಕೊಳ್ಳಲು ಎದೆ ಸೆಟೆಸಿದ್ದೆ. "ಏನ್ ಪೀಸ್ ಗುರು!" ಎಂದು ಜನ ಕೈಗೆ ತೆಗೆದುಕೊಂಡು ನೋಡಿದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುತ್ತಾರೆ. ನಾನು ಮೊಲವನ್ನು ಲೇತಿಗೆ ಕಟ್ಟಿ ಮೂರು ಕಾಲು ಮಾಡಿದವನು.

ಹಾಗೆ ಕೈಗೆ ತೆಗೆದುಕೊಂಡು ನೋಡಿದವರಲ್ಲಿ ವೀರಭದ್ರಪ್ಪನೂ ಒಬ್ಬ. ಅವನು ಬಾಗಲಕೋಟೆ ಕಡೆಯವನು, ಗ್ರೈಂಡಿಂಗ್ ವಿಭಾಗದಲ್ಲಿ ಗುತ್ತಿಗೆ ಮೇಲೆ ಕೆಲಸ. ಎರಕದ ತುಂಡುಗಳ ಅಂಚನ್ನು ಉಜ್ಜಿ ಉಜ್ಜಿ ಹತ್ತು ವರ್ಷವಾಗಿತ್ತು. ದಾಸರಹಳ್ಳಿಯಲ್ಲಿ ಬಾಡಿಗೆ ಕೋಣೆ, ಹೆಂಡತಿ ಗಂಗವ್ವ, ಹೈಸ್ಕೂಲಿಗೆ ಹೋಗುವ ಮಗಳು. ಅವನಿಗೆ ನನಗಿಂತ ಹೆಚ್ಚಿನ ಉಬ್ಬಸ. ನಾನೇ ಅವನನ್ನು ಬಲವಂತವಾಗಿ ಅದೇ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವರು ಅವನಿಗೂ ಅದೇ ಹನ್ನೆರಡು ಗಂಟೆಯ ಕ್ಯಾಪ್ಸೂಲು ಕೊಟ್ಟಿದ್ದರು, ಅವನು ಚೆನ್ನಾಗಿಯೂ ಆಗಿದ್ದ. ಅವನ ಪ್ಲಾಸ್ಟಿಕ್ ಉಪಕರಣ ಮಾತ್ರ ಮಾಸಿ ಮಬ್ಬಾಗಿ, ಬಿಟ್ಟುಕೊಂಡ ಮುಚ್ಚಳಕ್ಕೆ ರಬ್ಬರ್ ಬ್ಯಾಂಡು ಸುತ್ತಿಸಿಕೊಂಡು ಇತ್ತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಒಂದು ವಾರ ಕೂತು ಅವನಿಗೂ ಒಂದು ಮಾಡಿದೆ. ಅದರ ಮೇಲೆ ಅವನ ಹೆಸರಿನ ಎರಡು ಅಕ್ಷರ ಕೊರೆದೆ. ಟೀ ಹೊತ್ತಿನಲ್ಲಿ ಎಲ್ಲರೆದುರು ಅವನ ಕೈಗಿಟ್ಟು, ಹಳೆಯದನ್ನು ನಾನೇ ಕಿತ್ತುಕೊಂಡು ಸ್ಕ್ರ್ಯಾಪ್ ತೊಟ್ಟಿಗೆ ಎಸೆದೆ. ಅವನು ಎರಡೂ ಕೈಯಲ್ಲಿ ಇಸಕೊಂಡು ಕಣ್ಣಿಗೆ ಒತ್ತಿಕೊಂಡ. "ಅಣ್ಣಾರ, ನನ್ನ ಹೆಸರು ಹಿಂಗ ಯಾರೂ ಬರದಿದ್ದಿಲ್ರೀ" ಎಂದ.

ಆಮೇಲೆ ದಿನಾ ಬೆಳಿಗ್ಗೆ ಗೇಟಿನಲ್ಲಿ ಸಿಕ್ಕರೆ ನನ್ನದೊಂದೇ ಪ್ರಶ್ನೆ. "ಹೆಂಗಿದೆ ವೀರಭದ್ರಪ್ಪ, ಪೀಸು?" ಅವನದೊಂದೇ ಉತ್ತರ. "ಭಾರಿ ಐತ್ರೀ ಅಣ್ಣಾರ." ಆ ಉತ್ತರ ಕೇಳಿದರೆ ನನಗೆ ತಿಂಡಿ ತಿಂದಷ್ಟು ತೃಪ್ತಿ. ಈ ನಡುವೆ ನನ್ನ ಎದೆಯಲ್ಲಿ ಶಿಳ್ಳೆ ಮತ್ತೆ ಬಂದಿತ್ತು. ಮೆಟ್ರೋ ನಾಗಸಂದ್ರದವರೆಗೆ ಬಂದ ಹೊಸತು ಅದು. ಮೊದಮೊದಲು ಒಂದೇ ಉಸಿರಿಗೆ ಹತ್ತುತ್ತಿದ್ದ ಸ್ಟೇಷನ್ ಮೆಟ್ಟಿಲನ್ನು ಈಗ ಮಧ್ಯೆ ನಿಂತು ಹತ್ತುತ್ತಿದ್ದೆ. ನಿಂತಾಗ ಸುಮ್ಮನೆ ನಿಲ್ಲದೆ, ಗೋಡೆಯ ಜಾಹೀರಾತು ಓದುವವನಂತೆ ನಟಿಸುತ್ತಿದ್ದೆ. ವಯಸ್ಸಾಯಿತು, ಚಳಿಗಾಲ, ರಾತ್ರಿ ಉಂಡ ಮೊಸರು, ಹೀಗೆ ದಿನಕ್ಕೊಂದು ಕಾರಣ. ನನ್ನ ಪೀಸಿನ ಮೇಲೆ ಅನುಮಾನ ಬರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಸಲ ಬಂತು. ಎಳೆದ ಮೇಲೆ ತೆಗೆದು ನೋಡಿದಾಗ ಕ್ಯಾಪ್ಸೂಲಿನೊಳಗೆ ಪುಡಿ ಇನ್ನೂ ಇತ್ತು. ಇವತ್ತಿನ ಔಷಧದ ಕಂಪನಿಯವರು ಜಾಸ್ತಿಯೇ ತುಂಬುತ್ತಾರೇನೋ ಎಂದುಕೊಂಡು ಊದಿ ಬಿಸಾಕಿದೆ.

ಎಂಟು ತಿಂಗಳು ಹೀಗೆ ಕಳೆಯಿತು. ಜನವರಿಯ ಒಂದು ಮಧ್ಯಾಹ್ನ ಗ್ರೈಂಡಿಂಗ್ ಕಡೆಯಿಂದ ಯಾರೋ ಕೂಗಿದರು. ಓಡಿ ಹೋದರೆ ವೀರಭದ್ರಪ್ಪ ಎರಕದ ರಾಶಿಯ ಮೇಲೆ ಕೂತು, ಎರಡೂ ಕೈ ಮೊಣಕಾಲಿಗೆ ಊರಿ, ಬಾಯಿ ತೆರೆದು ಗಾಳಿಗೆ ಒದ್ದಾಡುತ್ತಿದ್ದ. ಮಾತು ಬರುತ್ತಿರಲಿಲ್ಲ. ತುಟಿ ನೀಲಿಗಟ್ಟಿತ್ತು. ತುರ್ತಿಗೆಂದು ಕೊಟ್ಟ ನೀಲಿ ಪಂಪು ಖಾಲಿಯಾಗಿ ಅವನ ಕಾಲ ಬಳಿ ಬಿದ್ದಿತ್ತು. ಅವನು ಜೇಬಿನಲ್ಲಿದ್ದ ನನ್ನ ಪೀಸನ್ನು ತೆಗೆದ. ಕ್ಯಾಪ್ಸೂಲು ಹಾಕಿ, ಒತ್ತಿ, ಎಳೆದ. ಇದು ತುರ್ತಿಗಲ್ಲ ಎಂದು ಡಾಕ್ಟರಮ್ಮ ಬಿಡಿಸಿ ಬಿಡಿಸಿ ಹೇಳಿದ್ದು ಆ ಹೊತ್ತಿನಲ್ಲಿ ನನಗೆ ನೆನಪಾಗಲೇ ಇಲ್ಲ. ನಾನು ಅವನ ಬೆನ್ನು ಹಿಡಿದುಕೊಂಡು, "ಎಳಿ ಮಾರಾಯಾ, ಇನ್ನೂ ಜೋರಾಗಿ ಎಳಿ!" ಎಂದು ಅರಚುತ್ತಿದ್ದೆ. ಅವನು ನನ್ನ ಮುಖ ನೋಡಿದ. ಆ ನೋಟಕ್ಕೆ ಅರ್ಥವೇನೆಂದು ಆಗ ನನಗೆ ತಿಳಿಯಲಿಲ್ಲ. ಇನ್ನೊಮ್ಮೆ ಎಳೆದ, ಅಷ್ಟೆ, ಪಕ್ಕಕ್ಕೆ ವಾಲಿದ.

ಕಂಪನಿಯ ಟೆಂಪೋದಲ್ಲೇ ಆಸ್ಪತ್ರೆಗೆ ಒಯ್ದೆವು. ಅವನನ್ನು ಸ್ಟ್ರೆಚರಿನ ಮೇಲೆ ಮಲಗಿಸಿ ಒಳಗೆ ತಳ್ಳುವಾಗ, ದೇವರಾಣೆಗೂ ಹೇಳುತ್ತೇನೆ, ನನ್ನ ಕಣ್ಣು ಸ್ಟ್ರೆಚರಿನ ಮುಂದಿನ ಚಕ್ರದ ಮೇಲೆ ಹೋಯಿತು. ಬೇರಿಂಗ್ ಸವೆದಿದೆ, ಸ್ಯಾಂಪಲ್ ಸಿಕ್ಕರೆ ಮಾಡಿ ಕೊಡಬಹುದು ಎನ್ನಿಸಿತು. ಇಂಥ ಮನುಷ್ಯನಿಗೆ ಏನು ಹೇಳೋಣ? ಅವನ ಮುಖಕ್ಕೆ ಮಾಸ್ಕ್ ಹಾಕಿ ಆಮ್ಲಜನಕ ಕೊಟ್ಟರು, ಔಷಧದ ಹೊಗೆ ಬಿಟ್ಟರು, ಸೂಜಿ ಚುಚ್ಚಿದರು. ಗಂಗವ್ವ ಮನೆಗೆಲಸಕ್ಕೆ ಹೋಗಿದ್ದ ಕಡೆಯಿಂದ ಓಡೋಡಿ ಬಂದಳು. ಸಂಜೆಯ ಹೊತ್ತಿಗೆ ಅವನ ಎದೆ ಸ್ವಲ್ಪ ನಿಧಾನವಾಗಿ ಏರಿಳಿಯತೊಡಗಿತು. ಆ ರಾತ್ರಿ ಏನಾಗುತ್ತದೋ ಹೇಳಲಾಗುವುದಿಲ್ಲ ಎಂದಿದ್ದರು, ಆದರೆ ದಾಟಿಕೊಂಡ.

ಮರುದಿನ ಬೆಳಿಗ್ಗೆ ನಾನು ಹೋದಾಗ ಡಾಕ್ಟರಮ್ಮ ಅವನ ಹಾಸಿಗೆಯ ಬಳಿಯೇ ನಿಂತಿದ್ದರು. "ದಿನಾ ಎರಡು ಹೊತ್ತು ತಗೋತಿದ್ರಾ? ನಿಜ ಹೇಳಿ" ಎಂದು ಕೇಳುತ್ತಿದ್ದರು. ಗಂಗವ್ವ ಮುಂದೆ ಬಂದು, "ಒಂದಿನಾನೂ ಬಿಟ್ಟಿಲ್ರೀ ಮೇಡಂ, ನಾ ಕಣ್ಣಾರೆ ನೋಡೀನಿ" ಎಂದಳು. ಡಾಕ್ಟರಮ್ಮ ಹಣೆ ಉಜ್ಜಿಕೊಂಡರು. "ಹಾಗಿದ್ರೆ ಈ ಔಷಧ ಇವರಿಗೆ ಸಾಕಾಗ್ತಿಲ್ಲ ಅಂತ ಆಯ್ತು. ಇನ್ನು ದೊಡ್ಡ ಮಾತ್ರೆಗೆ ಹೋಗಬೇಕು, ಅದಕ್ಕೆ ಬೇರೆ ತೊಂದರೆಗಳಿವೆ. ಫ್ಯಾಕ್ಟರಿ ಕೆಲಸಕ್ಕೆ ಇವರು ಅನ್‌ಫಿಟ್ ಅಂತಾನೂ ಬರೀಬೇಕಾಗತ್ತೆ." ಗುತ್ತಿಗೆ ಕೆಲಸದವನಿಗೆ ಅಂಥ ಒಂದು ಕಾಗದ ಸಿಕ್ಕರೆ ಮರುದಿನ ಗೇಟಿನೊಳಗೆ ಬಿಡುವುದಿಲ್ಲ, ಪೀಣ್ಯದ ಬೇರೆ ಯಾವ ಗೇಟೂ ತೆರೆಯುವುದಿಲ್ಲ. ಅದು ಗಂಗವ್ವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಬರೆಯುವ ಮೊದಲು ಡಾಕ್ಟರಮ್ಮ, "ಹೇಗೆ ಎಳ್ಕೋತೀರಿ, ಒಂದ್ಸಲ ತೋರಿಸಿ" ಎಂದರು. ವೀರಭದ್ರಪ್ಪ ನನ್ನ ಕಡೆ ನೋಡಿ, ಕಣ್ಣು ತಪ್ಪಿಸಿ, ದಿಂಬಿನ ಅಡಿಯಿಂದ ನನ್ನ ಪೀಸನ್ನು ತೆಗೆದ. ಅವರು ಇಸಕೊಂಡು ಹಿಂದೆ ಮುಂದೆ ತಿರುಗಿಸಿದರು. "ಇದೇನಿದು? ಎಲ್ಲಿ ಸಿಕ್ಕಿತು?" ಅವನು ಮಾಸ್ಕಿನೊಳಗಿಂದ, "ಪ್ಯಾಟ್ಯಾಗ ತಗೊಂಡೀನ್ರೀ ಮೇಡಂ" ಎಂದ. ಅವರು ಅದನ್ನು ಬಿಚ್ಚಿದರು. ನಿನ್ನೆ ಎಳೆದ ಕ್ಯಾಪ್ಸೂಲು ಒಳಗೇ ಇತ್ತು, ಪುಡಿ ಹೆಚ್ಚುಕಡಿಮೆ ಇದ್ದಂತೆಯೇ ಇತ್ತು. ಉಳಿದದ್ದು ಗೂಡಿನ ಗೋಡೆಗೆ ಹಿಟ್ಟಿನ ಹಾಗೆ ಮೆತ್ತಿಕೊಂಡಿತ್ತು. "ಇಂಥ ಡೂಪ್ಲಿಕೇಟ್ ಮಾಡೋರನ್ನ ಜೈಲಿಗೆ ಹಾಕಬೇಕು" ಎಂದು ಅದನ್ನು ಟ್ರೇಗೆ ಹಾಕಿಕೊಂಡು ಪಕ್ಕದ ಹಾಸಿಗೆಗೆ ಹೋದರು. ನಾನು ಟೀ ತರುತ್ತೇನೆ ಎಂದು ಗೊಣಗಿ ಹೊರಗೆ ಬಂದುಬಿಟ್ಟೆ. ಟೀ ಯಾರೂ ಕೇಳಿರಲಿಲ್ಲ.

ವರಾಂಡದಲ್ಲಿ ನಿಂತಿದ್ದಾಗ ಗಂಗವ್ವ ಹಿಂದೆಯೇ ಬಂದಳು. ಬಂದವಳೇ ಬಗ್ಗಿ ನನ್ನ ಕಾಲು ಮುಟ್ಟಲು ಹೋದಳು. ನಾನು ಹಿಂದಕ್ಕೆ ಹಾರಿದೆ. "ನಿನ್ನಿ ನೀವು ಇಲ್ದಿದ್ರ ಇವ್ರು ಉಳೀತಿದ್ದಿಲ್ರೀ ಅಣ್ಣಾರ. ದೇವ್ರು ಬಂದಂಗ ಬಂದ್ರಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಬ್ಬ ಹೆಂಗಸು ಯಾರಿಗೆ ಕೈ ಮುಗಿಯಬಾರದೋ ಅವನಿಗೇ ಕೈ ಮುಗಿಯುತ್ತಿದ್ದಳು. ನನ್ನ ಮೂವತ್ತು ವರ್ಷದ ಕೆಲಸದಲ್ಲಿ ಎಷ್ಟೋ ಸಲ ಕೈ ಕೊಯ್ದುಕೊಂಡಿದ್ದೇನೆ, ಒಮ್ಮೆ ಬೆರಳೇ ಹೋಗುವುದರಲ್ಲಿತ್ತು. ಇಷ್ಟು ನೋವು ಯಾವತ್ತೂ ಆಗಿರಲಿಲ್ಲ. "ಬಂದೆ ಇರಮ್ಮಾ" ಎಂದು ಹೇಳಿ ನೆಟ್ಟಗೆ ಡಾಕ್ಟರಮ್ಮನ ಕೋಣೆಗೆ ಹೋದೆ.

"ಮೇಡಂ, ಜೈಲಿಗೆ ಹಾಕಬೇಕಾದವನು ನಾನೇ" ಎಂದೆ. ಎಂಟು ತಿಂಗಳ ಹಿಂದೆ ಅದನ್ನು ಮಾಡಿಕೊಟ್ಟದ್ದನ್ನೂ ಹೇಳಿದೆ. ನನ್ನ ಜೇಬಿನಲ್ಲಿದ್ದ ಪೀಸನ್ನೂ ತೆಗೆದು ಮೇಜಿನ ಮೇಲಿಟ್ಟೆ. ಅವರು ಬಯ್ಯುತ್ತಾರೆ ಎಂದುಕೊಂಡಿದ್ದೆ. ಬಯ್ಯಲಿಲ್ಲ, ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಸೀಳನ್ನು ಬೆರಳಿನಿಂದ ತೋರಿಸಿ, "ಇದನ್ನ ಯಾಕೆ ಇಷ್ಟು ಅಗಲ ಮಾಡಿದ್ರಿ?" ಎಂದರು. "ಉಸಿರು ಕಷ್ಟ ಇರೋರಿಗೆ ಸಲೀಸಾಗಲಿ ಅಂತ ಮೇಡಂ." ಅವರು ಒಂದು ನಿಟ್ಟುಸಿರು ಬಿಟ್ಟರು. "ಆ ಬಿಗಿ ಇರೋದು ಬೇಕಂತಲೇ. ಸಣ್ಣ ಸಂದಿಯಲ್ಲಿ ಗಾಳಿ ರಭಸವಾಗಿ ನುಗ್ಗಿದ್ರೇನೇ ಕ್ಯಾಪ್ಸೂಲು ಗಿರಗಿರ ತಿರುಗಿ, ಪುಡಿ ಒಡೆದು, ಒಳಗೆ ಶ್ವಾಸಕೋಶಕ್ಕೆ ಹೋಗೋದು. ನೀವು ಸಲೀಸು ಮಾಡಿದ್ರಿ, ಗಾಳಿ ಮಾತ್ರ ಒಳಗೆ ಹೋಯ್ತು, ಔಷಧ ಇಲ್ಲೇ ಕೂತ್ಕೊಳ್ತು. ಎಂಟು ತಿಂಗಳು ಅವರು ಔಷಧ ತಗೊಂಡೇ ಇಲ್ಲ." ಗಾಳಿಯ ವಿಷಯ ನನಗೆ ತಿಳಿಯದ್ದಲ್ಲ. ಕಂಪ್ರೆಸರಿನ ಕೊಳವೆಯ ಬಾಯಿ ಒತ್ತಿ ಹಿಡಿದರೆ ಗಾಳಿಯ ಹೊಡೆತ ಹೆಚ್ಚುತ್ತದೆ ಎಂದು ಹೊಸಬರಿಗೆ ನಾನೇ ಕಲಿಸಿದ್ದೇನೆ.

"ಹಾಗಾದ್ರೆ ಆ ಅನ್‌ಫಿಟ್ ಕಾಗದ?" ಎಂದು ಕೇಳಿದೆ. ಕೇಳುವಾಗ ಧ್ವನಿ ಗದ್ಗದವಾಯಿತು, ಅದನ್ನು ಉಬ್ಬಸದ ಮೇಲೆ ಹಾಕಿದೆ. "ಸದ್ಯ ಬರೆಯಲ್ಲ. ಸರಿಯಾದ ಇನ್‌ಹೇಲರಲ್ಲಿ ಅದೇ ಔಷಧ ಮತ್ತೆ ಶುರು ಮಾಡಿ ನೋಡೋಣ. ಆದರೆ ದೂಳಿನ ಕೆಲಸ ಬೇಡವೇ ಬೇಡ, ಬೇರೆ ವಿಭಾಗ ಕೊಡಿಸಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀವೂ ಎಂಟು ತಿಂಗಳು ಇದರಲ್ಲೇ ತಗೊಂಡ್ರಾ? ಬನ್ನಿ, ಊದಿ" ಎಂದು ಉಸಿರಿನ ಬಲ ಅಳೆಯುವ ಒಂದು ಕೊಳವೆ ಕೊಟ್ಟರು. ಊದಿದೆ. ಮುಳ್ಳು ಎಲ್ಲಿಗೆ ಹೋಗಬೇಕಿತ್ತೋ ಅದರ ಅರ್ಧದಾರಿಯಲ್ಲಿ ನಿಂತು ನನ್ನನ್ನು ನೋಡಿತು. ಗೋಡೆಯ ಮೇಲೆ ಓದಲು ಜಾಹೀರಾತು ಯಾವುದೂ ಇರಲಿಲ್ಲ.

ಅದೇ ವಾರ ಮಾಲೀಕರ ಮುಂದೆ ನಿಂತು ಎಲ್ಲವನ್ನೂ ಹೇಳಿ, ವೀರಭದ್ರಪ್ಪನನ್ನು ಟೂಲ್ ಕೊಡುವ ಕೌಂಟರಿಗೆ ಹಾಕಿಸಿದೆ. ಅಲ್ಲಿ ದೂಳಿಲ್ಲ. ನಾನು ಮಾಡಿದ ಇನ್ನೊಂದು ಪೀಸು ಪಕ್ಕದ ಕಾರ್ಖಾನೆಯ ವಾಚ್‌ಮನ್ ಹತ್ತಿರ ಇತ್ತು. ಉಬ್ಬಸ ಇದೆ ಎಂದು ನನ್ನನ್ನು ಕೇಳಿ ಮಾಡಿಸಿಕೊಂಡಿದ್ದ. ಗಾಬರಿಯಿಂದ ಓಡಿಹೋಗಿ, ಅದನ್ನು ವಾಪಸ್ ಕೊಡು, ಅದರಿಂದ ಜೀವಕ್ಕೆ ಅಪಾಯ ಎಂದೆ. ಅವನು ತಲೆ ಕೆರೆದುಕೊಂಡು, "ನಂಗೆ ಉಬ್ಸ ಎಲ್ಲೈತೆ ಸಾರ್? ಎಲ್ರೂ ಚೆನ್ನಾಗೈತೆ ಅಂದ್ರು ಅಂತ ನಾನೂ ಕೇಳ್ದೆ" ಎಂದು ಜೇಬಿನಿಂದ ತೆಗೆದ. ಒಳಗೆ ವಿಭೂತಿ ಇತ್ತು. ಆ ಕೆಲಸಕ್ಕೆ ಅದು ಚೆನ್ನಾಗಿಯೇ ಇತ್ತು, ಅವನಲ್ಲೇ ಬಿಟ್ಟು ಬಂದೆ.

ಗಂಗವ್ವನಿಗೆ ಹೇಳುವುದು ಉಳಿದಿತ್ತು. ಡಾಕ್ಟರಿಗೆ, ಮಾಲೀಕರಿಗೆ ಹೇಳಿದ್ದು ಸುಲಭ, ಇದು ಸುಲಭವಲ್ಲ. ವೀರಭದ್ರಪ್ಪ ಮನೆಗೆ ಬಂದ ಮೇಲೆ ಒಂದು ಭಾನುವಾರ ದಾಸರಹಳ್ಳಿಗೆ ಹೋದೆ. ಅವನು ಸ್ನಾನಕ್ಕೆ ಹೋಗಿದ್ದ. ಅವಳು ಚಾಪೆ ಹಾಸಿ, ಚುರುಮುರಿ ಕೊಟ್ಟು, ಎದುರಿಗೆ ಕೂತಳು. ತಲೆ ತಗ್ಗಿಸಿಕೊಂಡೇ ಶುರು ಮಾಡಿದೆ. "ಗಂಗವ್ವ, ಅವತ್ತು ನೀನು ನನ್ನ ಕಾಲು ಮುಟ್ಟೋಕೆ ಬಂದ್ಯಲ್ಲ, ಅದು ತಪ್ಪು. ನಿನ್ನ ಗಂಡನಿಗೆ ಹಾಗಾಗಿದ್ದೇ ನನ್ನಿಂದ. ಆ ಪೀಸಲ್ಲಿ ಔಷಧ ಬರ್ತಾನೇ ಇರಲಿಲ್ಲ."

ಅವಳು ಚುರುಮುರಿಯ ತಟ್ಟೆಯನ್ನು ನನ್ನ ಕಡೆ ಸರಿಸಿದಳು. ಆಮೇಲೆ ಮೆಲ್ಲಗೆ, "ಅವ್ರಿಗೆ ಗೊತ್ತಿತ್ರೀ ಅಣ್ಣಾರ" ಎಂದಳು.

ನನಗೆ ಅರ್ಥವಾಗಲಿಲ್ಲ. ಏನು ಗೊತ್ತಿತ್ತು ಎಂದು ಕೇಳಿದೆ. "ಎಳದ್ರ ಗಾಳಿ ಅಷ್ಟ ಬರತೈತಿ, ಔಷಧ ಬರಾಂಗಿಲ್ಲ ಅಂತ ದಸರಾ ಮುಂದನ ಅವ್ರಿಗೆ ತಿಳಿದಿತ್ತಂತ್ರೀ. ನಂಗೂ ನಿನ್ನಿ ಮೊನ್ನಿ ಹೇಳಿದ್ರು ನೋಡ್ರಿ, ಆಸ್ಪತ್ರ್ಯಾಗಿಂದ ಬಂದ ಮ್ಯಾಲ. ಹೊಸಾದ್ ತರ್ಬೇಕಿಲ್ಲೇನು ಅಂತ ಬೈದೆ. ತಂದ್ರ ಅಣ್ಣಾರ ನೋಡ್ತಾರ, ಮನಸಿಗೆ ಹಚ್ಚಿಕೋತಾರ ಅಂದ್ರು. ದಿನಾ ಮುಂಜಾನೆ ಗೇಟ್‌ನ್ಯಾಗ ನಿಂತು ಹೆಂಗೈತಿ ಅಂತ ಅಷ್ಟು ಪ್ರೀತಿಲೆ ಕೇಳ್ತಾರ, ಚಲೋ ಇಲ್ಲ ಅಂತ ಹ್ಯಾಂಗ ಅನ್ಲಿ ಅಂದ್ರು." ಅಷ್ಟರಲ್ಲಿ ಅವನು ಟವೆಲ್ಲಿನಿಂದ ತಲೆ ಒರೆಸಿಕೊಳ್ಳುತ್ತಾ ಬಂದ. ನನ್ನನ್ನು ನೋಡಿ ಮುಖವರಳಿಸಿ, "ಬರ್ರಿ ಅಣ್ಣಾರ, ಯಾವಾಗ ಬಂದ್ರಿ? ನಿಮ್ಮ ಉಸುರು ಈಗ ಹ್ಯಾಂಗೈತ್ರೀ?" ಎಂದು ಕೇಳಿದ. ಗೋಡೆಯ ಗೂಡಿನಲ್ಲಿ ಹೊಸ ಪ್ಲಾಸ್ಟಿಕ್ಕಿನ ಇನ್‌ಹೇಲರ್ ಇತ್ತು. ನಾನು ಅವನ ಕೈ ಹಿಡಿದುಕೊಂಡು ಅತ್ತೆ. ವಯಸ್ಸಾದ ಗಂಡಸು ಹಾಗೆ ಅಳಬಾರದು, ಆದರೆ ಅತ್ತೆ. ಅವನು ಏನೂ ತಿಳಿಯದವನಂತೆ ನನಗೆ ನೀರು ತರಿಸಿದ.

ಮನೆಗೆ ಬಂದು ಸರೋಜಳಿಗೆ ಎಲ್ಲವನ್ನೂ ಹೇಳಿದೆ. ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡು ಕೇಳಿದಳು. "ಒಬ್ಬ ಮನುಷ್ಯ ನನ್ನ ಮನಸ್ಸು ನೋಯಬಾರದು ಅಂತ ಉಸಿರು ಬಿಡೋಕೆ ತಯಾರಾಗಿದ್ನಲ್ಲೇ. ನಾನು ಅಂಥವನಾ? ಯಾರೂ ನಂಗೆ ನಿಜ ಹೇಳೋಕೆ ಆಗದೇ ಇರೋ ಅಂಥವನಾ?" ಎಂದೆ. ಅವಳು ಒಳಗೆ ಹೋಗಿ, ಅಕ್ಕಿ ಡ್ರಮ್ಮಿನ ಹಿಂದೆ ಕೈಹಾಕಿ, ಒಂದು ತುರಿಮಣೆ ತಂದು ನನ್ನ ಮುಂದಿಟ್ಟಳು. ನಾನು ಮಾಡಿಕೊಟ್ಟದ್ದಲ್ಲ. ನಾನು ಸ್ಟೀಲಿನಲ್ಲಿ ಮಾಡಿಕೊಟ್ಟದ್ದು ಒಲೆಕಟ್ಟೆಯ ಕೆಳಗೆ, ಎಲ್ಲರಿಗೂ ಕಾಣುವ ಜಾಗದಲ್ಲಿ ಇತ್ತು. ಇದು ಅಂಗಡಿಯದು, ಬಳಸಿ ಬಳಸಿ ಹಲಗೆ ನುಣುಪಾಗಿತ್ತು.

"ನಿಮ್ದೂ ಚೆನ್ನಾಗೇ ಇದೆ ಕಣ್ರೀ" ಎಂದಳು. "ಹಲ್ಲು ಸ್ವಲ್ಪ ಚೂಪು ಜಾಸ್ತಿ. ಕಾಯಿ ಜೊತೆ ಚಿಪ್ಪೂ ತುರಿಯತ್ತೆ. ನೀವು ಕೆಲಸಕ್ಕೆ ಹೋದ್ಮೇಲೆ ಇದನ್ನ ತೆಗೀತಿದ್ದೆ."

"ಯಾವಾಗ ತಂದಿದ್ದು?"

"ನೀವು ಮಾಡ್ಕೊಟ್ಟ ಮಾರನೇ ವಾರ."

ಅದನ್ನು ಮಾಡಿಕೊಟ್ಟಾಗ ನಮಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ. "ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ನೀವು ದಿನಾ ಬಂದು ಹೇಗಿದೆ ಅಂತ ಕೇಳ್ತಿದ್ರಲ್ಲ" ಎಂದಳು.

ಆಮೇಲೆ ನನ್ನ ಎದುರಿಗೇ, ಮೊದಲ ಸಲ, ಆ ಮಣೆಯ ಮೇಲೆ ಕೂತು ಕಾಯಿ ತುರಿದಳು. ತುರಿ ಬೆಳ್ಳಗೆ, ಮೆತ್ತಗೆ ಬಿತ್ತು. ಆವತ್ತಿನ ಚಟ್ನಿ ಬಹಳ ಚೆನ್ನಾಗಿತ್ತು. ಹೇಗಿದೆ ಎಂದು ಅವಳು ಕೇಳಲಿಲ್ಲ. ಯಾವತ್ತೂ ಕೇಳಿದವಳಲ್ಲ.